ಒಂದು ರೂಪಾಯಿಯ ಟೆಂಡರು

ನಮ್ಮ ಕಚೇರಿ ಕಪಾಟು ಕೊಳ್ಳುವ ಹಾಗೆಯೇ ಸಾಫ್ಟ್‌ವೇರನ್ನೂ ಕೊಳ್ಳುತ್ತಿತ್ತು. ಇದು ಮಾತಿಗೆ ಹೇಳಿದ್ದಲ್ಲ. ಡಯಾಲಿಸಿಸ್ ರೋಗಿಗಳ ಪಾಳಿ ನೋಡಿಕೊಳ್ಳುವ ಸಾಫ್ಟ್‌ವೇರಿನ ಹಳೆಯ ಟೆಂಡರು ನನ್ನ ಮೇಜಿಗೆ ಬಂದಾಗ ಅದರಲ್ಲೊಂದು ಷರತ್ತು ಹೀಗಿತ್ತು: ಮಾದರಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಹಾಕಿ, ಉಗ್ರಾಣಕ್ಕೆ ತಲುಪಿಸತಕ್ಕದ್ದು. ಯಾರೋ ಪುಣ್ಯಾತ್ಮರು ಮಂಚ-ಕಪಾಟುಗಳ ಟೆಂಡರಿನಿಂದ ನಕಲು ಹೊಡೆದಿದ್ದರು. ಅದಕ್ಕಿಂತ ಚಂದದ ಸಂಗತಿಯೆಂದರೆ, ಆಗ ಗೆದ್ದ ಕಂಪನಿ ಆ ಷರತ್ತನ್ನೂ ಪಾಲಿಸಿತ್ತು. ಬಟ್ಟೆ ಸುತ್ತಿದ ಒಂದು ಪೆನ್ ಡ್ರೈವ್ ನಮ್ಮ ಉಗ್ರಾಣದಲ್ಲಿ ಇವತ್ತಿಗೂ ಇದೆ. ಯಾರೂ ಬಿಚ್ಚಿ ನೋಡಿಲ್ಲ. ಮುದ್ರೆ ಒಡೆದವರು ಯಾರೆಂದು ನಾಳೆ ಆಡಿಟ್‌ನವರು ಕೇಳಿದರೆ ಉತ್ತರ ಕೊಡುವವರು ಯಾರು?

ನಾನೂ ಬಿಚ್ಚಲಿಲ್ಲ. ನಾನು ಹುಟ್ಟಾ ಹೆದರುವವನು. ನಾಸಿಕಕ್ಕೆ ಹೊರಟ ರೈಲು ಲಾಸೂರ್ ಸ್ಟೇಷನ್ ದಾಟುವ ಮೊದಲೇ ಮನೆಗೆ ಫೋನ್ ಮಾಡಿ ಗ್ಯಾಸ್ ಬಂದ್ ಆಗಿದೆಯೇ ಎಂದು ಕೇಳುವವನು. ಅಷ್ಟೊತ್ತಿಗೆ ನನ್ನ ಹೆಂಡತಿ ಅದೇ ಗ್ಯಾಸಿನ ಮೇಲೆ ಚಹಾ ಕಾಯಿಸುತ್ತಿರುತ್ತಾಳೆ. ಭಾಲ್ಕಿ ಕಡೆಯಿಂದ ಬಂದು ಛತ್ರಪತಿ ಸಂಭಾಜಿನಗರದಲ್ಲಿ ಬೇಳೆ ಅಂಗಡಿ ಹಾಕಿದ ಅಪ್ಪನಿಗೆ ನನ್ನ ಕೈಯಲ್ಲಿ ತಕ್ಕಡಿ ಕೊಡುವ ಧೈರ್ಯವಾಗಲಿಲ್ಲ. ಸರ್ಕಾರಕ್ಕಾಯಿತು. ಖರೀದಿ ಶಾಖೆಯಲ್ಲಿ ನನ್ನಂಥವರಿಗೆ ಬೆಲೆಯೂ ಇದೆ. ನಾಸಿಕ, ಸಂಭಾಜಿನಗರ ಎರಡೂ ಊರುಗಳ ಸರ್ಕಾರಿ ಆಸ್ಪತ್ರೆಗಳಿಗೆ ಸೇರಿ ಆ ಸಾಫ್ಟ್‌ವೇರನ್ನು ಹೊಸದಾಗಿ ಕೊಳ್ಳಬೇಕು, ಈ ಸಲ ಕೊಳ್ಳುವ ರೀತಿಯನ್ನೇ ಬದಲಿಸಬೇಕು ಎಂದು ನಾಸಿಕದ ಕಚೇರಿಯಲ್ಲಿದ್ದ ನಮ್ಮ ಹಿರಿಯ ಅಧಿಕಾರಿ ಹಟ ಹಿಡಿದಾಗ ಸಮಿತಿಯ ಕಾರ್ಯದರ್ಶಿ ಮಾಡಿದ್ದು ನನ್ನನ್ನು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. "ಎಲ್ಲೆಲ್ಲಿ ಕೆಡಬಹುದು ಅಂತ ನಿಮಗೆ ಮೊದಲೇ ಹೊಳೆಯುತ್ತದಲ್ಲ, ಅದನ್ನೆಲ್ಲ ಬರೆದುಬಿಡಿ" ಎಂದರು. ಮನೆಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು, "ಇಷ್ಟ್ ದಿನ ಪುಕ್ಕಟ ಚಿಂತಿ ಮಾಡ್ತಿದ್ರಿ. ಈಗ ಅದಕ್ಕೊಂದು ಸಮಿತಿ ಆತು ನೋಡ್ರಿ."

ಒಂದಕ್ಷರ ಬರೆಯುವ ಮೊದಲು ವಾರ್ಡಿನಲ್ಲಿ ಹೋಗಿ ಕೂಡಬೇಕು ಎಂಬುದು ಮೇಡಂ ಹಾಕಿದ ಮೊದಲ ನಿಯಮ. ಕಪಾಟು ಕೊಳ್ಳುವಾಗ ಯಾರೂ ಹೀಗೆ ಹೇಳಿರಲಿಲ್ಲ. ನಾಸಿಕದ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತೆ. ಇಗತಪುರಿಯಿಂದ ಬರುವ ಒಬ್ಬ ನಿವೃತ್ತ ರೈಲ್ವೆ ನೌಕರರು ಘಾಟಿನಲ್ಲಿ ಮಳೆ ಜೋರಾದ ದಿನ ಪಾಳಿ ತಪ್ಪಿಸಿಕೊಳ್ಳುತ್ತಿದ್ದರು. ಸಾಫ್ಟ್‌ವೇರು ಅವರನ್ನು 'ಗೈರುಹಾಜರು' ಎಂದು ಕೆಂಪಿಗೆ ಹಾಕುತ್ತಿತ್ತು. ಸಟಾಣಾದ ದಾಳಿಂಬೆ ಬೆಳೆಗಾರರೊಬ್ಬರು ಸಿಮ್ ಬದಲಿಸಿದ್ದಕ್ಕೆ ಓಟಿಪಿ ಬಾರದೆ ಸಿಸ್ಟರ್ ಜೊತೆ ಜಗಳಕ್ಕೆ ನಿಂತಿದ್ದರು. ಸಿಸ್ಟರ್ ಎಂದರೆ ವಾರ್ಡಿನ ಮುಖ್ಯ ನರ್ಸ್, ಮಾಲೆಗಾಂವ್ ಕಡೆಯವರು. ಜಗಳವನ್ನು ಅರ್ಧದಲ್ಲಿ ಬಿಟ್ಟು ಇನ್ನೊಬ್ಬರ ಸೂಜಿ ಚುಚ್ಚಿ ಬಂದು ಅದೇ ಮಾತಿನಿಂದ ಮುಂದುವರಿಸಬಲ್ಲವರು.

ಕಿಟಕಿ ಪಕ್ಕದ ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಬಹಳ ಹೊತ್ತು ನೋಡಿ, ಕಾಲ ಬಳಿ ಕೂತಿದ್ದ ಗಂಡನಿಗೆ ಹೇಳಿದಳು, "ಈ ಮನಷ್ಯಾ ಯಾಕ ಕುಂತಾನ? ಬ್ಯಾನಿ ಇಲ್ಲ, ಏನಿಲ್ಲ. ಮಾರಿ ನೋಡಿದ್ರ ನನಗಿಂತ ಬ್ಯಾನಿ ಇದ್ದಂಗ ಅದ."

"ಬ್ಯಾನಿ ಅದ ತಾಯಿ. ಹೊರಗ ಕಾಣಸಂಗಿಲ್ಲ" ಎಂದೆ.

ನನಗೆ ಕನ್ನಡ ಬರುತ್ತದೆಂದು ಎಣಿಸಿರದ ಆಕೆ ನಾಲಿಗೆ ಕಚ್ಚಿಕೊಂಡಳು. ಗಂಡ ಎದ್ದು ನಿಂತುಬಿಟ್ಟ. ಆಳಂದ ಕಡೆಯವರು. ಆತ ಗೌಂಡಿ, ಗಂಗಾಪುರ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡವೊಂದಕ್ಕೆ ಗಿಲಾಯಿ, ಅಂದರೆ ಪ್ಲಾಸ್ಟರು, ಮಾಡುವ ಗ್ಯಾಂಗಿನವನು. ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಗ್ಯಾಂಗಿನ ಎಲ್ಲ ಸಂಸಾರಗಳೂ ಇದ್ದವು. ಆಕೆಯ ಪಾಳಿ ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಅರ್ಧ ಹಾಜರಿ ಬಿಟ್ಟುಕೊಟ್ಟು ಆತ ಜೊತೆಗೆ ಬರುತ್ತಿದ್ದ. ಇಲ್ಲಿಯತನಕ ತೊಂದರೆಯಿರಲಿಲ್ಲ. ತೊಂದರೆ ಮುಂದಿನದು. ಇಲ್ಲಿಯ ಕೆಲಸ ಮುಗಿಯುತ್ತ ಬಂದಿತ್ತು. ಠೇಕೇದಾರ ಇಡೀ ಗ್ಯಾಂಗನ್ನು ಬಿಡಕಿನ್‌ಗೆ, ಸಂಭಾಜಿನಗರದ ಆಚೆ ಹೊಸ ಕಾರ್ಖಾನೆಗಳು ಏಳುತ್ತಿರುವ ಕಡೆಗೆ, ಎಬ್ಬಿಸಿಕೊಂಡು ಹೋಗುವವನಿದ್ದ.

"ನಾವು ಹೋದ್ರ ಈಕಿ ಪಾಳಿನೂ ನಮ್ಮ ಜೋಡಿ ಬರ್ತದೇನ್ರಿ ಸರ?" ಎಂದು ಕೇಳಿದ.

ಬರುತ್ತಿರಲಿಲ್ಲ. ನಮ್ಮ ಸಾಫ್ಟ್‌ವೇರಿನ ಲೆಕ್ಕದಲ್ಲಿ ನಾಸಿಕದ ಆಸ್ಪತ್ರೆ ಬೇರೆ ಪ್ರಪಂಚ, ಸಂಭಾಜಿನಗರದ್ದು ಬೇರೆ ಪ್ರಪಂಚ. ಅಲ್ಲಿಗೆ ಹೋಗಬೇಕಾದರೆ ಇಲ್ಲಿ ಹೆಸರು ಹೊಡೆಸಿ, ಅಲ್ಲಿ ಹೊಸಬಳಂತೆ ಬರೆಸಿ, ಜಾಗ ಖಾಲಿಯಾಗುವವರೆಗೆ ಕಾಯಬೇಕು. ಡಯಾಲಿಸಿಸ್ ವಾರ್ಡಿನಲ್ಲಿ ಜಾಗ ಹೇಗೆ ಖಾಲಿಯಾಗುತ್ತದೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ಅಷ್ಟು ದಿನ ರಕ್ತ ತೊಳೆಯದೆ ಕಾಯಲು ಆಗುವುದಿಲ್ಲ ಎಂಬುದನ್ನೂ.

ಎರಡು ಆಸ್ಪತ್ರೆಗಳನ್ನು ಜೋಡಿಸಿ ಒಂದು 'ವರ್ಗಾವಣೆ' ಬಟನ್ ಕೊಡಿ ಎಂದು ಹಳೆಯ ಕಂಪನಿಗೆ ಇಲಾಖೆ ಹಿಂದೆ ಕೇಳಿತ್ತು. ಅದು ಒಪ್ಪಂದದಲ್ಲಿ ಇಲ್ಲ, ಬದಲಾವಣೆಯ ಕೋರಿಕೆ ಎಂದು ಬೇರೆ ಅಂದಾಜು ಕಳಿಸುತ್ತೇವೆ ಎಂದು ಅವರು ಉತ್ತರಿಸಿದ್ದರು. ಅಂದಾಜು ಬಂತು. ಹೊಸ ಸಾಫ್ಟ್‌ವೇರನ್ನೇ ಬರೆಸಬಹುದಾದಷ್ಟಿತ್ತು. ಕಡತ ಮುಚ್ಚಿತು. ಈ ಧಂದೆಯ ಮರ್ಮ ಅದೇ: ಅಗ್ಗವಾಗಿ ಒಳಗೆ ಬರುವುದು, ಆಮೇಲೆ ಪ್ರತಿ ಕಿಟಕಿಗೂ ಬಾಗಿಲಿಗೂ ಬೇರೆ ಬೇರೆ ದರ ಹೇಳುವುದು. ಯಾರಿಗೂ ಗೊತ್ತಿಲ್ಲದ ಮರ್ಮವೇನಲ್ಲ. ಗೊತ್ತಿದ್ದೂ ತಪ್ಪಿಸಲಾಗದ್ದು.

ಮೇಡಂ ತಪ್ಪಿಸಲು ಹೊರಟರು. ದೊಡ್ಡ ವಹಿವಾಟಿನ ಕಂಪನಿಗಳಷ್ಟೇ ಬರಬೇಕೆಂಬ ನಿಯಮ ತೆಗೆಸಿದರು, ಸಣ್ಣವರೂ ಬರಲಿ ಎಂದು. ಎಲ್ಲಕ್ಕಿಂತ ಕಡಿಮೆ ಬೆಲೆ ಹೇಳಿದವರಿಗೇ ಕೆಲಸ ಎನ್ನುವುದನ್ನು ಬಿಡಿಸಿ ಗುಣಮಟ್ಟಕ್ಕೆ ಎಪ್ಪತ್ತು ಅಂಕ, ಬೆಲೆಗೆ ಮೂವತ್ತು ಎಂದು ಮಾಡಿಸಿದರು. ಇದಕ್ಕೆ ನಮ್ಮ ಹಣಕಾಸು ಶಾಖೆಯ ಸಾಹೇಬರು ಬೆಲ್ಲದ ಪಾಕ ಕಾಯಿಸಿದಷ್ಟು ಸಾವಧಾನವಾಗಿ ಒಪ್ಪಿದರು. ಇನ್ನು ಪ್ರಾತ್ಯಕ್ಷಿಕೆ. ಅದುವರೆಗೆ ಕಂಪನಿಗಳು ಏಸಿ ಸಭಾಗೃಹದಲ್ಲಿ, ತಮ್ಮದೇ ಲ್ಯಾಪ್‌ಟಾಪಿನಲ್ಲಿ, 'ಟೆಸ್ಟ್ ಪಾಟೀಲ್' ಎಂಬ ಹೆಸರಿನ ರೋಗಿಗೆ ಚಿಕಿತ್ಸೆ ಕೊಡಿಸಿ ತೋರಿಸುತ್ತಿದ್ದವು. ಟೆಸ್ಟ್ ಪಾಟೀಲ್ ಎಂದೂ ಸಿಮ್ ಬದಲಿಸಿದವನಲ್ಲ, ಮಳೆಯಲ್ಲಿ ಸಿಕ್ಕಿಕೊಂಡವನಲ್ಲ. ಪ್ರಾತ್ಯಕ್ಷಿಕೆ ವಾರ್ಡಿನಲ್ಲೇ ಆಗಲಿ, ಕಂಪನಿಯವರು ಕೈ ಕಟ್ಟಿ ನಿಲ್ಲಲಿ, ಕೀಲಿಮಣೆ ಸಿಸ್ಟರ್ ಕೈಯಲ್ಲಿರಲಿ ಎಂದವನು ನಾನು. ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಆ ವಾರವೆಲ್ಲ ಇದನ್ನು ಹೇಳಬಾರದಿತ್ತು ಎಂದು ಕೊರಗಿದೆ.

ಆಮೇಲೆ ನಾನು ಬರೆಯಲು ಕೂತೆ. ವಿದ್ಯುತ್ ಹೋದರೆ ಎಂದು ಒಂದು ಷರತ್ತು, ಸರ್ವರ್ ಕೆಟ್ಟರೆ ಎಂದು ಒಂದು, ಕಂಪನಿ ಮುಳುಗಿದರೆ, ಮಾಲೀಕರು ತೀರಿಕೊಂಡರೆ, ಪಾಲುದಾರರು ಜಗಳವಾಡಿದರೆ. ಟೆಂಡರಿನ ಬಗ್ಗೆ ಸಂಶಯ ಕೇಳುವ ಸಭೆಗೆ ಹಳೆಯ ಕಂಪನಿಯ ಮ್ಯಾನೇಜರ್ ಬಂದರು; ಮೃದುಮಾತಿನ ಮನುಷ್ಯ, ನನ್ನನ್ನು ಸರ್‌ಜೀ ಎನ್ನುತ್ತಿದ್ದರು, ನನ್ನ ಬಿ.ಪಿ. ಹೇಗಿದೆ ಎಂದು ನಿಜವಾದ ಕಾಳಜಿಯಿಂದ ಕೇಳುತ್ತಿದ್ದರು. ಸಿಸ್ಟರ್ ತಪ್ಪು ಕೀಲಿ ಒತ್ತಿದರೆ ಅಂಕ ಯಾರಿಗೆ ಹೋಗುತ್ತದೆ ಎಂಬಲ್ಲಿಂದ ಶುರುಮಾಡಿ ಅವರು ಕೇಳಿದ ಪ್ರಶ್ನೆಗಳಿಗೆ ಒಂದರ ಮೇಲೊಂದು ಶುದ್ಧಿಪತ್ರ ಹೊರಡಿಸಿದೆವು. ಕೊನೆಗೆ ಶುದ್ಧಿಪತ್ರಗಳು ಮೂಲ ಟೆಂಡರಿಗಿಂತ ದಪ್ಪವಾದವು. ವರ್ಗಾವಣೆಯ ಷರತ್ತನ್ನು ನಾನೇ ತಿದ್ದಿ ತಿದ್ದಿ ಯಾರೂ ಜಗ್ಗಾಡಲಾರದಂತೆ ಬರೆದೆ: ರೋಗಿಯ ಹೆಸರು ಮೊದಲ ಆಸ್ಪತ್ರೆಯ ಪಟ್ಟಿಯಿಂದ ತೆಗೆದುಹೋಗಿ ಎರಡನೆಯ ಆಸ್ಪತ್ರೆಯ ಪಟ್ಟಿಯಲ್ಲಿ ಕಾಣಿಸತಕ್ಕದ್ದು. ಓದಿ ನೋಡಿ ನನಗೇ ಸಮಾಧಾನವಾಯಿತು. ನನಗೆ ಸಮಾಧಾನವಾದಾಗ ಅನುಮಾನ ಪಡಬೇಕಿತ್ತು.

ಇಡೀ ದಸ್ತಾವೇಜಿನಲ್ಲಿ ನಾನು ಹೆದರದೆ ಬಿಟ್ಟ ಭಾಗ ಒಂದೇ. ಬೆಲೆಯ ಅಂಕ ಲೆಕ್ಕಹಾಕುವ ಸೂತ್ರ. ಅದು ಸರ್ಕಾರದ ನಮೂನೆ ದಸ್ತಾವೇಜಿನಲ್ಲಿ ಅಚ್ಚಾಗಿ ಬಂದದ್ದು. ಅಚ್ಚಾದದ್ದಕ್ಕೆ ನಾನ್ಯಾಕೆ ಹೆದರಲಿ?

ಪ್ರಾತ್ಯಕ್ಷಿಕೆಯ ದಿನ ವಾರ್ಡಿನಲ್ಲಿ ಯಂತ್ರಗಳೆಲ್ಲ ತುಂಬಿದ್ದವು. ಕೊನೆಗೆ ಉಳಿದದ್ದು ಎರಡೇ ಕಂಪನಿ: ಹಳೆಯದು, ಮತ್ತು ನಾಸಿಕದ್ದೇ ಒಂದು ಸಣ್ಣ ಸಂಸ್ಥೆ. ಸಣ್ಣದರ ಒಡತಿ ಹಿಂದೆ ಎಲ್ಲೋ ದೊಡ್ಡ ಕಂಪನಿಯಲ್ಲಿದ್ದು ಬಿಟ್ಟುಬಂದ ಹೆಣ್ಣುಮಗಳು, ಸ್ಕೂಟರಿನಲ್ಲಿ ಬಂದಿದ್ದಳು. ಮೊದಲು ಹಳೆಯ ಕಂಪನಿಯ ಸರದಿ. ಸಿಸ್ಟರ್ ಫೋನ್ ನಂಬರ್ ಬದಲಿಸಲು ಹೋದರು, ಆಯಿತು. ನೆಟ್‌ವರ್ಕ್ ಕಿತ್ತು ನೋಡಿದರು, ಪರದೆ ಬೆಳ್ಳಗಾಯಿತು. ಮ್ಯಾನೇಜರ್ ಕೈ ಕಟ್ಟಿ ನಿಂತಲ್ಲೇ ಒಂದು ಹೆಜ್ಜೆ ಮುಂದೆ ಬಂದರು. "ಅಲ್ಲೇ ನಿಲ್ಲಿ ಭಾವು," ಎಂದರು ಸಿಸ್ಟರ್, "ನಾಳೆ ಕೆಟ್ಟಾಗ ನೀವಿರುತ್ತೀರಾ?" ವರ್ಗಾವಣೆ ಬಟನ್ ಇತ್ತು, ಅದರ ಹಿಂದೆ ಏನೂ ಇರಲಿಲ್ಲ; 'ಶೀಘ್ರದಲ್ಲೇ' ಎಂದು ಬಂತು.

ಸಣ್ಣ ಸಂಸ್ಥೆಯದು ಚಂದವಿರಲಿಲ್ಲ. ಬಣ್ಣಗಳೆಲ್ಲ ಮಂಕು. ಆದರೆ ನೆಟ್‌ವರ್ಕ್ ಕಿತ್ತರೂ ನಡೆಯಿತು. ವರ್ಗಾವಣೆ ಒತ್ತಿದಾಗ ನಾಸಿಕದ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದು ಪಕ್ಕದಲ್ಲೊಂದು ಸಣ್ಣ ಗುರುತು ಬಂತು. ನಾನು ಗಾಬರಿಯಾದೆ, ಹೆಸರು ಹೋಗಬೇಕಲ್ಲ ಎಂದೆ. ಅಲ್ಲಿ ಜಾಗ ಸಿಕ್ಕು ಮೊದಲ ಡಯಾಲಿಸಿಸ್ ಆದ ಮೇಲೆ ಇಲ್ಲಿ ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ಎರಡೂ ಕಡೆ ಇರುತ್ತದೆ ಎಂದು ಆಕೆ ವಿವರಿಸಿದಳು. ಸಿಸ್ಟರ್ ಕುರ್ಚಿಯಿಂದೆದ್ದು ಅದರಲ್ಲಿ ಆಕೆಯನ್ನು ಕೂರಿಸಿ ಚಹಾ ತರಿಸಿದರು. ಮ್ಯಾನೇಜರರಿಗೆ ಚಹಾ ತರಿಸಿರಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತಿದ್ದ ಗೌಂಡಿಗೆ ನಾನು, ಹೇಳಬಾರದ್ದನ್ನು, ಹೇಳಿದೆ. ಬಟನ್ ಬರುವ ಹಾಗಿದೆ ಎಂದೆ. ಪಾಳಿ ಮುಗಿಸಿ ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ, "ಯಾವ ಬಟನ್ ರೀ?" ಎಂದಳು. "ನಿನ್ನ ಬಿಡಕಿನ್‌ಗೆ ಕಳಸೋ ಬಟನ್" ಎಂದ ಆತ.

ಗುಣಮಟ್ಟದ ಅಂಕ ಹಾಕಿದೆವು. ಎಪ್ಪತ್ತಕ್ಕೆ ಸಣ್ಣ ಸಂಸ್ಥೆಗೆ ಅರವತ್ತಮೂರು. ಹಳೆಯ ಕಂಪನಿಗೆ ನಲವತ್ತೆರಡು. ನಲವತ್ತಕ್ಕಿಂತ ಕಡಿಮೆಯಾಗಿದ್ದರೆ ಹೊರಗೇ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಬೆಲೆಯ ಲಕೋಟೆ ತೆರೆಯುವ ದಿನ ಮೇಡಂ, ಸಾಹೇಬರು, ನಾನು ಒಂದೇ ಪರದೆಗೆ ಬಗ್ಗಿದ್ದೆವು. ಸಣ್ಣ ಸಂಸ್ಥೆ ಲಕ್ಷಗಳಲ್ಲಿ, ನ್ಯಾಯವಾದ ಬೆಲೆ ಹೇಳಿತ್ತು. ಹಳೆಯ ಕಂಪನಿಯ ಬೆಲೆ: ಒಂದು ರೂಪಾಯಿ.

ಪೋರ್ಟಲ್ ಕೆಟ್ಟಿದೆ ಎಂದುಕೊಂಡೆ. ಮತ್ತೆ ಲಾಗಿನ್ ಆದೆ. ಒಂದೇ ರೂಪಾಯಿ. ಅಕ್ಷರದಲ್ಲೂ ಬರೆದಿದ್ದರು.

ಸಾಹೇಬರು ಕ್ಯಾಲ್ಕುಲೇಟರ್ ತೆಗೆದರು. ಸೂತ್ರ ಹೀಗಿದೆ: ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಪೂರ್ತಿ ಮೂವತ್ತು ಅಂಕ. ಮಿಕ್ಕವರಿಗೆ, ಅವರ ಬೆಲೆಯಲ್ಲಿ ಆ ಕಡಿಮೆ ಬೆಲೆ ಎಷ್ಟು ಪಾಲೋ ಅಷ್ಟು. ಲಕ್ಷಗಳಲ್ಲಿ ಒಂದು ರೂಪಾಯಿ ಎಷ್ಟು ಪಾಲು? ಕ್ಯಾಲ್ಕುಲೇಟರ್ ಸೊನ್ನೆ, ಚುಕ್ಕಿ, ಸೊನ್ನೆ ಸೊನ್ನೆ ಎಂದು ಸಾಲಾಗಿ ತೋರಿಸಿತು. ಸಣ್ಣ ಸಂಸ್ಥೆಗೆ ಒಟ್ಟು ಅರವತ್ತಮೂರೇ ಉಳಿಯಿತು. ಹಳೆಯ ಕಂಪನಿಗೆ ನಲವತ್ತೆರಡು, ಮತ್ತೆ ಮೂವತ್ತು; ಎಪ್ಪತ್ತೆರಡು.

ಕಂಪನಿ ಮುಳುಗುವುದಕ್ಕೆ ಹೆದರಿದ್ದೆ, ಮಾಲೀಕರು ಸಾಯುವುದಕ್ಕೆ ಹೆದರಿದ್ದೆ. ಒಂದು ರೂಪಾಯಿಗೆ ಹೆದರಿರಲಿಲ್ಲ.

"ಇದೊಂದು ಬೆಲೆಯೇ?" ಎಂದರು ಮೇಡಂ. ಬೆಲೆ ಅಲ್ಲ, ಆದರೆ ಬೆಲೆ ಅಲ್ಲ ಎಂದು ಹೇಳಲು ನಿಯಮ ಬೇಕು ಎಂದರು ಸಾಹೇಬರು. ಅವರ ದನಿಯಲ್ಲಿ ಖುಷಿಯಿರಲಿಲ್ಲ. ಅದನ್ನು ಹೇಳಲೇಬೇಕು. ನಾವು ಮೂವರೂ ಸೇರಿ ಈ ದರ ನಂಬತಕ್ಕದ್ದಲ್ಲ, ತಿರಸ್ಕರಿಸಲು ಅನುಮತಿ ಬೇಕು ಎಂದು ಟಿಪ್ಪಣಿ ಬರೆದು ಮುಂಬೈಯ ಮುಖ್ಯ ಕಚೇರಿಗೆ ಕಳಿಸಿದೆವು. ಆ ಟಿಪ್ಪಣಿ ನಾನು ಬರೆದುದರಲ್ಲೇ ಒಳ್ಳೆಯದು. ಉತ್ತರಕ್ಕೆ ಕಾಯುತ್ತ ಮಳೆಗಾಲ ಅರ್ಧ ಕಳೆಯಿತು. ಬಂದ ಉತ್ತರದಲ್ಲಿ ಅತಿ ಕಡಿಮೆ ದರ ಎಂದರೆ ಎಷ್ಟು ಎಂಬುದಕ್ಕೆ ನಮೂನೆ ದಸ್ತಾವೇಜಿನಲ್ಲಿ ವ್ಯಾಖ್ಯೆ ಇಲ್ಲ, ನಿಯಮಾನುಸಾರ ಕ್ರಮ ಕೈಗೊಳ್ಳುವುದು ಎಂದಷ್ಟೇ ಇತ್ತು.

ಉಳಿದದ್ದು ಎರಡು ದಾರಿ. ಟೆಂಡರನ್ನೇ ರದ್ದು ಮಾಡಿ ಮೊದಲಿನಿಂದ ಶುರುಮಾಡುವುದು; ಹಾಗೆ ಮಾಡಿದರೆ ಗೆದ್ದವರು ಕೋರ್ಟಿಗೆ ಹೋಗುತ್ತಾರೆ, ತಡೆಯಾಜ್ಞೆ ಬರುತ್ತದೆ, ಹಳೆಯ ಸಾಫ್ಟ್‌ವೇರೇ ಮುಂದುವರಿಯುತ್ತದೆ. ಇಲ್ಲವೇ ಒಂದು ರೂಪಾಯಿಗೆ ಸಹಿ ಹಾಕುವುದು. ಆಗ ಕನಿಷ್ಠ ಟೆಂಡರಿನಲ್ಲಿ ಬರೆದದ್ದನ್ನಾದರೂ ಅವರು ಮಾಡಿಕೊಡಬೇಕು, ವರ್ಗಾವಣೆ ಬಟನ್ನೂ ಅದರಲ್ಲಿದೆ. ಮೇಡಂ ನನ್ನನ್ನು ಕೇಳಿದರು. ಗಣಪತಿ ಮುಗಿದ ಮೇಲೆ ಗ್ಯಾಂಗು ಬಿಡಕಿನ್‌ಗೆ ಏಳುವುದು ಎಂದು ಗೌಂಡಿ ಆ ಶುಕ್ರವಾರವಷ್ಟೇ ಹೇಳಿದ್ದ. ಸಹಿ ಹಾಕೋಣ ಎಂದೆ. ತತ್ವ ಹೋದರೆ ಹೋಗಲಿ, ಬಟನ್ ಬರಲಿ ಎಂದೆ. ಮೇಡಂ ಪೆನ್ನು ಕೇಳಿದರು.

ಸಣ್ಣ ಸಂಸ್ಥೆಯವಳಿಗೆ ಫೋನ್ ಮಾಡಿ ತಿಳಿಸುವ ಕೆಲಸ ನನ್ನದಾಯಿತು. ಬೈಯುತ್ತಾಳೆ ಎಂದು ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವಳು ಬೈಯಲಿಲ್ಲ. "ಸರ್, ಮುಂದಿನ ಸಲ ನಮಗೆ ಹೇಳಿ ಕಳಿಸಬೇಡಿ" ಎಂದು ಇಟ್ಟುಬಿಟ್ಟಳು.

ಹೇಳಲು ನಾಚಿಕೆ, ಆದರೆ ಹಳೆಯ ಕಂಪನಿ ಹೇಳಿದ ದಿನಕ್ಕೆ ಕೆಲಸ ಮುಗಿಸಿತು. ಅಂಗೀಕಾರ ಪರೀಕ್ಷೆಗೆ ನಾನು ಸಂಭಾಜಿನಗರದ ವಾರ್ಡಿನ ಪರದೆಯ ಮುಂದೆ, ಮ್ಯಾನೇಜರ್ ನನ್ನ ಪಕ್ಕ. ನಾಸಿಕದಿಂದ ಸಿಸ್ಟರ್ ಫೋನಿನಲ್ಲಿ. ಅವರು ಅಲ್ಲಿ ಒಂದು ಪರೀಕ್ಷಾ ಹೆಸರಿಗೆ ವರ್ಗಾವಣೆ ಒತ್ತಿದರು. "ಇಲ್ಲಿಂದ ಹೋಯಿತು" ಎಂದರು. ನನ್ನ ಪರದೆಯಲ್ಲಿ ಹೆಸರು ಟಕ್ಕೆಂದು ಬಂತು. ಒಂದು ಕ್ಷಣ, ಸುಳ್ಳೇಕೆ, ಕಣ್ಣು ತುಂಬಿತು. ಆಮೇಲೆ ಕಂಡದ್ದು ಅದರ ಬಣ್ಣ. ಹಳದಿ.

ಹಳದಿ ಏಕೆ ಎಂದೆ. ನಿರೀಕ್ಷಣಾ ಪಟ್ಟಿ ಸರ್‌ಜೀ, ಇಲ್ಲಿ ಜಾಗ ಖಾಲಿಯಾದಾಗ ಹಸಿರಾಗುತ್ತದೆ ಎಂದರು ಮ್ಯಾನೇಜರ್. ಅಲ್ಲಿಯವರೆಗೆ ನಾಸಿಕದ ಪಾಳಿ? ಅದನ್ನು ಆಗಲೇ ಮುಂದಿನವರಿಗೆ ಕೊಟ್ಟಾಗಿತ್ತು. ಸಾಫ್ಟ್‌ವೇರು ತಾನಾಗಿಯೇ ಕೊಡುತ್ತದೆ, ಅದು ಅದರ ಚುರುಕುತನ. ಮ್ಯಾನೇಜರ್ ಟೆಂಡರ್ ತೆರೆದು ನನ್ನ ಷರತ್ತನ್ನು ನನಗೇ ತೋರಿಸಿದರು. ಮೊದಲ ಆಸ್ಪತ್ರೆಯ ಪಟ್ಟಿಯಿಂದ ತೆಗೆದುಹೋಗಿ. ಹೋಗಿದೆ. ಎರಡನೆಯ ಆಸ್ಪತ್ರೆಯ ಪಟ್ಟಿಯಲ್ಲಿ ಕಾಣಿಸತಕ್ಕದ್ದು. ಕಾಣಿಸುತ್ತಿದೆ. ಯಾವ ಪಟ್ಟಿ, ಪಾಳಿಯದೋ ನಿರೀಕ್ಷಣೆಯದೋ, ಎಂದು ನಾನು ಬರೆದಿರಲಿಲ್ಲ. ಬಟ್ಟೆ ಸುತ್ತಿ ಅರಗು ಹಾಕಿ ಎಂದರೆ ಹಾಕಿ ಕೊಟ್ಟವರು ಇವರು. ಬರೆದದ್ದನ್ನು ಎಂದೂ ತಪ್ಪಿಸಿದವರಲ್ಲ.

ಸಹಿ ತಡೆಹಿಡಿದೆ. ಜಾಗ ಸಿಗುವವರೆಗೆ ಹಳೆಯ ಪಾಳಿ ಉಳಿಯಬೇಕು ಎಂದು ಕಾಗದ ಬರೆದೆ. ಅದು ಒಪ್ಪಂದದಲ್ಲಿ ಇಲ್ಲ, ಬದಲಾವಣೆಯ ಕೋರಿಕೆ ಎಂದು ಉತ್ತರ ಬಂತು, ಅಂದಾಜಿನ ಸಮೇತ. ಅಂದಾಜು ಒಂದು ರೂಪಾಯಿ ಇರಲಿಲ್ಲ. ಸಾಹೇಬರು ನನ್ನನ್ನು ಕರೆಸಿ, ಯಾವ ಷರತ್ತನ್ನು ಮುರಿದಿದ್ದಾರೆ ಹೇಳಿ, ನಾನೇ ನಿಮ್ಮ ಪರ ಬರೆಯುತ್ತೇನೆ ಎಂದರು. ಎರಡು ದಿನ ಹುಡುಕಿದೆ. ಮುರಿದಿರಲಿಲ್ಲ. ಅಂಗೀಕಾರ ಪತ್ರಕ್ಕೆ ಸಹಿ ಹಾಕಿದೆ. ಮ್ಯಾನೇಜರ್ ನನ್ನ ಬಿ.ಪಿ. ಕೇಳಿದರು.

ಮುಂದಿನ ಮಂಗಳವಾರ ನಾಸಿಕದ ವಾರ್ಡಿಗೆ ಹೋದೆ. ಗೌಂಡಿ ಬಾಗಿಲಲ್ಲೇ ಕಾದಿದ್ದ. ಬಟನ್ ಬಂದ ಸುದ್ದಿ ಅವನಿಗೆ ಸಿಸ್ಟರಿಂದ ಮುಟ್ಟಿತ್ತು, ಬಣ್ಣದ ಸುದ್ದಿ ಮುಟ್ಟಿರಲಿಲ್ಲ. ಗ್ಯಾಂಗಿನ ಅರ್ಧ ಸಾಮಾನು ಆಗಲೇ ಟೆಂಪೋ ಏರಿತ್ತು.

"ಒತ್ತಸೋಣೇನ್ರಿ ಸರ ಇವತ್ತ?" ಎಂದ.

ನಾನು ಉತ್ತರಕ್ಕೆ ತಡವರಿಸಿದ್ದನ್ನು ಅವನ ಹೆಂಡತಿ ಮಲಗಿದಲ್ಲಿಂದಲೇ ನೋಡಿದಳು. "ಯಾಕ್ರಿ ಸರ, ಬಟನ್ ಬಂದಿಲ್ಲೇನ್ರಿ?"

"ಬಂದದ."

"ಮತ್ತ?"

"ಒತ್ತಬ್ಯಾಡ್ರಿ."

ಆತ ನನ್ನ ಮುಖ ನೋಡಿದ. ನಾನು ವಿವರಿಸಿದೆ. ಒತ್ತಿದರೆ ಇಲ್ಲಿಯ ಪಾಳಿ ಆ ಕ್ಷಣವೇ ಇನ್ನೊಬ್ಬರಿಗೆ ಹೋಗುತ್ತದೆ, ಅಲ್ಲಿ ಹೆಸರು ಮಾತ್ರ ಇರುತ್ತದೆ. ಅವನು ಸಿಟ್ಟಾಗಲಿಲ್ಲ, ಗಿಲಾಯಿ ಒಡೆದ ಗೋಡೆಯನ್ನು ನೋಡುವವರ ಹಾಗೆ ನಿಂತ. ಅವಳೇ ಮಾತಾಡಿದಳು. "ಅಂದ್ರ ಮೊದಲಿನಂಗೇ ಅದ ಅನ್ರಿ."

"ಮೊದಲಿನಂಗೇ."

"ಇಷ್ಟ್ ದಿನ ನೀವು ಓಡ್ಯಾಡಿದ್ದು?"

ಸಿಸ್ಟರ್ ಕಂಪ್ಯೂಟರಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದರು: ವರ್ಗಾವಣೆ ಒತ್ತುವ ಮೊದಲು ನನ್ನನ್ನು ಕೇಳಿ. ಕೇಳಿದವರಿಗೆಲ್ಲ ಬೇಡ ಎಂದರು. ಸಂಭಾಜಿನಗರದ ವಾರ್ಡಿನಲ್ಲಿ ನಾನೂ ಅದನ್ನೇ ಹೇಳಿಬಂದೆ.

ಆಮೇಲೆ ಪರಿಶೀಲನಾ ಸಭೆ ನಡೆಯಿತು. ಮ್ಯಾನೇಜರ್ ವರದಿ ಓದಿದರು. ವರ್ಗಾವಣೆ ಸೌಲಭ್ಯ ಎರಡೂ ಆಸ್ಪತ್ರೆಗಳಲ್ಲಿ ಕಾರ್ಯನಿರತ. ಬಳಸಿದವರು: ಶೂನ್ಯ. ದೂರುಗಳು: ಶೂನ್ಯ. ಮುಂಬೈಯಿಂದ ಪರದೆಯ ಮೇಲೆ ಬಂದಿದ್ದ ಹಿರಿಯರೊಬ್ಬರು, ಯಾರೂ ಬಳಸದ ಸೌಲಭ್ಯಕ್ಕೆ ಇಷ್ಟೆಲ್ಲ ಹಟವೇಕಿತ್ತು ಎಂದು ಕೇಳಿದರು. ಮೇಡಂ ನನ್ನ ಕಡೆ ತಿರುಗಿದರು. ನಾನು ಹೇಳಿದೆ, ಹೇಳಲಿಲ್ಲ ಎನ್ನುವಂತಿಲ್ಲ: ಒತ್ತಿದರೆ ಜೀವಕ್ಕೆ ಅಪಾಯ, ಅದಕ್ಕೇ ನಾವೇ ಬೇಡ ಎನ್ನುತ್ತಿದ್ದೇವೆ ಎಂದೆ. ಲಿಖಿತ ದೂರು ಇದೆಯೇ ಎಂದು ಕೇಳಿದರು. ಒತ್ತದೇ ಇದ್ದವರು ದೂರು ಹೇಗೆ ಬರೆಯುತ್ತಾರೆ? ನನ್ನ ಮಾತು ನಡಾವಳಿಯಲ್ಲಿ 'ಬಳಕೆದಾರರಲ್ಲಿ ಜಾಗೃತಿ ಮೂಡಿಸುವ ಅಗತ್ಯವಿದೆ' ಎಂದು ದಾಖಲಾಯಿತು. ಕಂಪನಿಗೆ ಸೇವಾ ಗುಣಮಟ್ಟದಲ್ಲಿ ಪೂರ್ಣ ಅಂಕ ಸಿಕ್ಕಿತು. ನಾವು ಬಹಳ ಯೋಚಿಸಿ ತಂದ ಅಂಕಪಟ್ಟಿಯಲ್ಲೇ.

ಬೆಲೆಯ ಸೂತ್ರ ತಿದ್ದಬೇಕೆಂದು ನಾನು ಮತ್ತೊಂದು ಟಿಪ್ಪಣಿ ಕಳಿಸಿದ್ದೇನೆ. ಕೆಳಮಿತಿ ಇರಲಿ, ಇಂಥ ದರ ಬಂದರೆ ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದು. ಅದರ ವಿಚಾರಕ್ಕೆ ನಾಸಿಕಕ್ಕೆ ಈಗಲೂ ಹೋಗುತ್ತಿರುತ್ತೇನೆ.

ಕಳೆದ ಶುಕ್ರವಾರ ಬೆಳಗಿನ ಗಾಡಿಯಲ್ಲಿ ಕೂತು ಗ್ಯಾಸಿನ ಬಗ್ಗೆ ಫೋನ್ ಮಾಡುತ್ತಿದ್ದೆ. ಎದುರಿನ ಬೆಂಚಿನಿಂದ ಯಾರೋ ನಕ್ಕರು. ಅವಳೇ. ಪಕ್ಕದಲ್ಲಿ ಗಂಡ, ಕಾಲ ಬಳಿ ನೀರಿನ ಬಾಟಲಿ, ಬುತ್ತಿ. ಬಿಡಕಿನ್‌ನಿಂದ ಮೊದಲ ಜೀಪು ಹಿಡಿದು ಸಂಭಾಜಿನಗರ, ಅಲ್ಲಿಂದ ಈ ಗಾಡಿ. ನಾಸಿಕದಲ್ಲಿ ಯಂತ್ರಕ್ಕೆ ತೋಳು ಕೊಟ್ಟು, ಅದೇ ದಿನ ವಾಪಸ್ಸು. ವಾರಕ್ಕೆ ಎರಡು ಸಲ. ಅವಳ ಮುಖ ಊದಿತ್ತು. ಪಾಳಿ ಇದೆಯೇ ಎಂದು ಕೇಳಿದೆ, ಎಂಥ ಪ್ರಶ್ನೆ.

"ಅದ ರೀ. ನೀವು ಹೇಳಿದ್ರಲ್ಲ ಒತ್ತಬ್ಯಾಡ್ರಿ ಅಂತ" ಎಂದ ಆತ. "ಒತ್ತಿಲ್ಲ ನಾವು."

ಧನ್ಯವಾದ ಹೇಳುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮನಮಾಡ ಬರುವುದರೊಳಗೆ ಅವಳು ಗಂಡನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಮಡಿಲಲ್ಲಿ ಮಲಗಿದ್ದ ಅವಳ ಎಡಗೈಯನ್ನು ಗಾಡಿ ಕುಲುಕಿದಾಗಲೆಲ್ಲ ಆತ ಹಿಡಿದುಕೊಳ್ಳುತ್ತಿದ್ದ, ಸೂಜಿ ಹಾಕುವ ನರಕ್ಕೆ ಪೆಟ್ಟಾಗಬಾರದೆಂದು. ನನ್ನ ಬ್ಯಾಗಿನಲ್ಲಿ ಕೆಳಮಿತಿಯ ಟಿಪ್ಪಣಿಯ ಪ್ರತಿ ಇತ್ತು. ಅದನ್ನು ಮತ್ತೊಮ್ಮೆ ಓದಿ ನೋಡಬೇಕೆಂದು ಜಿಪ್‌ಗೆ ಕೈ ಹಾಕಿದೆ, ಸದ್ದಾಗುತ್ತದೆಂದು ಬಿಟ್ಟೆ.